ಕೊಸರು ಮೀನಿನ ಮನಶ್ಶಾಸ್ತ್ರ

ಮನಶ್ಶಾಸ್ತ್ರ ಕಲಿಸುವವರ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಕುಂದಾಪುರದ ಕಾಲೇಜಿನಲ್ಲಿ "ಮನುಷ್ಯ ಹೀಗೇಕೆ ಮಾಡುತ್ತಾನೆ" ಎಂದು ಗಂಟೆಗಟ್ಟಲೆ ಹೇಳಿ ಬರುತ್ತೇನೆ. ಕೋಟೇಶ್ವರದ ಮನೆಗೆ ಮುಟ್ಟುವಷ್ಟರಲ್ಲಿ ಯಾರೋ ಒಬ್ಬರು ಹಾಗೆ ಮಾಡದೆ ಬೇರೆಯೇ ಏನೋ ಮಾಡಿರುತ್ತಾರೆ.

ಈ ಸಲ ಮಾಡಿದ್ದು ನಮ್ಮ ಮೀನಿನಕ್ಕ. ಬೀಜಾಡಿಯಿಂದ ಬುಟ್ಟಿ ಹೊತ್ತು ಹನ್ನೊಂದು ವರ್ಷದಿಂದ ಬರುವವಳು. ಕೇಳಿದಷ್ಟು ಬಂಗುಡೆ ಹಾಕಿ, ಕೊನೆಗೆ "ಇದ್ ಕೊಸ್ರು" ಎಂದು ಮೇಲೊಂದು ಮೀನು ಎಸೆಯುವುದು ಅವಳ ಕ್ರಮ. ಮೂರು ತಿಂಗಳ ಹಿಂದೆ ಆ ಒಂದು ಮೀನು ನಿಂತುಹೋಯಿತು. ಪಕ್ಕದ ಮನೆಗೆ ಬೀಳುತ್ತಿತ್ತು, ನಮಗಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಬಹಳ ಬೇಸರವಾಯಿತು. ಮೀನು ಹೋಗಲಿ, ನನ್ನ ಮೇಲೆ ಅವಳಿಗೇನು ಸಿಟ್ಟು? ಪಾಠದ ಪುಸ್ತಕ ತೆಗೆದೆ.

೧. ಕಾಫಿ ಪ್ರಯೋಗ

ಒಂದು ಪಂಥದವರು ಹೇಳುವುದು ಸರಳ: ಬಹುಮಾನ ಸಿಕ್ಕಿದ ನಡತೆ ಮರುಕಳಿಸುತ್ತದೆ, ಸಿಗದ್ದು ನಿಲ್ಲುತ್ತದೆ. ಮನಸ್ಸಿನ ಒಳಗೆ ಇಣುಕುವ ಅಗತ್ಯವೇ ಇಲ್ಲ. ಇದಕ್ಕೆ ನಮ್ಮ ಬೆಕ್ಕೇ ಸಾಕ್ಷಿ. ಮೀನಿನಕ್ಕನ "ಹ್ವಾಯ್" ಕೇಳಿದ್ದೇ ಓಡಿ ಬಂದು, ಬುಟ್ಟಿಗೆ ಬಾಯಿ ಹಾಕದೆ, ಒಂದು ಮಾರು ದೂರದಲ್ಲಿ ಕಾಲು ಜೋಡಿಸಿ ಕೂರುತ್ತದೆ. ಈ ಶಿಸ್ತು ಅದಕ್ಕೆ ಎಲ್ಲಿಂದ ಬಂತೋ, ನಾನಂತೂ ಕಲಿಸಿದ್ದಲ್ಲ.

ಕೊಸರು ಬಿದ್ದ ತಕ್ಷಣ ಅವಳಿಗೆ ಕಾಫಿ ಕೊಡುವುದು ಎಂದು ತೀರ್ಮಾನಿಸಿದೆ. ಆದರೆ ಕೊಸರು ಬೀಳದೆ ಕಾಫಿ ಕೊಡುವ ಹಾಗಿಲ್ಲ, ಕಾಫಿಯ ರುಚಿ ಗೊತ್ತಾಗದೆ ಕೊಸರು ಬೀಳುವ ಹಾಗಿಲ್ಲ. ಕೊನೆಗೆ ಕಾಫಿಯನ್ನೇ ಮೊದಲು ಕೊಟ್ಟೆ. ನಾಲ್ಕು ದಿನ ಸುಮ್ಮನೆ ಕುಡಿದಳು. ಐದನೆಯ ದಿನ ಲೋಟ ಕೈಗೆ ಬಂದಾಗ ನನ್ನ ಮುಖ ನೋಡಿ ಕೇಳಿದಳು: "ಬರೀ ಕಾಫಿಯಾ ಮಾಷ್ಟ್ರೆ? ತಿಂಬುಕೆ ಎಂತ ಇಲ್ಯಾ?"

೨. ಬಾಲದ ತುಂಡು

ಇನ್ನೊಂದು ಪಂಥ ಎಲ್ಲದರ ಬೇರನ್ನೂ ಬಾಲ್ಯದಲ್ಲಿ ಹುಡುಕುತ್ತದೆ. ಮರೆತ ನೋವು ಮನಸ್ಸಿನ ತಳದಲ್ಲಿ ಕೂತು ನಮ್ಮನ್ನು ಆಡಿಸುತ್ತದಂತೆ.

"ಅಕ್ಕ, ಸಣ್ಣದಿಪ್ಪತಿಗೆ ಮನ್ಸಿಗೆ ಎಂತಾರೂ ನೋವಾಯಿತ್ತಾ?" ಎಂದೆ.

"ನಂಗೆಂತ ನೋವ್? ಅಬ್ಬೆ ಒಟ್ಟಿಗೆ ಮೀನ್ ಮಾರಿ ಬಂದ್, ಹೊಟ್ಟಿ ತುಂಬಾ ಉಂಡ್ ಮನಿಕಂತಿದ್ದೆ. ನಿಮ್ಗೆ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಐವರು ಮಕ್ಕಳಲ್ಲಿ ನಾನೇ ಕೊನೆಯವನು, ನಡುವಿನ ತುಂಡು ಅಣ್ಣಂದಿರಿಗೆ, ನನ್ನ ಬಟ್ಟಲಿಗೆ ಯಾವತ್ತೂ ಬಾಲ ಎಂದು ಶುರು ಮಾಡಿದವನು ಅರ್ಧ ಗಂಟೆ ನಿಲ್ಲಿಸಲಿಲ್ಲ. ಅವಳು ಬುಟ್ಟಿ ಎತ್ತಿಕೊಂಡು, ಒಳಗಿದ್ದ ನನ್ನ ಹೆಂಡತಿಗೆ ಕೂಗಿ ಹೇಳಿದಳು: "ಅಮ್ಮ, ಇವತ್ತ್ ಮಾಷ್ಟ್ರಿಗೆ ನಡು ತುಂಡ್ ಹಾಕಿ!"

೩. ಮನೆಯಲ್ಲಿ ನಡೆಯದ ಶಾಸ್ತ್ರ

ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕರಿಗೆ ನನ್ನ ಕಷ್ಟ ಹೇಳಿಕೊಂಡೆ. ಅವರು ನಕ್ಕುಬಿಟ್ಟರು. "ಎಲ್ಲಾ ಮಿದುಳಿನ ರಾಸಾಯನಿಕ ಮಾರಾಯ್ರೆ. ಏರಿದ್ರೆ ಕೊಸ್ರು, ಇಳುದ್ರೆ ಇಲ್ಲ. ಯಾರ್ದೂ ತಪ್ಪಲ್ಲ."

"ಹಂಗಾರೆ ನಿಮ್ಮನಿಯವ್ರ್ ನಿಮ್ಗೆ ಬೈದ್ರೆ?"

ಸುತ್ತ ನೋಡಿ ದನಿ ತಗ್ಗಿಸಿದರು. "ಅದ್ ನನ್ನದೇ ತಪ್ಪ್."

೪. ಕೇಳದೆ ಉಳಿದದ್ದು

ಇನ್ನೆರಡು ಪಂಥ ಉಳಿದಿದ್ದವು. ಎದುರಿನವರು ವಿಷಯವನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ನೋಡು ಎನ್ನುತ್ತದೆ ಒಂದು. ಮನುಷ್ಯನಿಗೆ ಮೊದಲು ಮರ್ಯಾದೆ ಬೇಕು ಎನ್ನುತ್ತದೆ ಮತ್ತೊಂದು. ತರಗತಿಯಲ್ಲಿ ಎರಡನ್ನೂ ನಮ್ಮ ಮೀನಿನ ಕಥೆ ಹೇಳಿಯೇ ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಸರ್, ನೀವ್ ಅವ್ರತ್ರ ಕೇಣ್ಲಿಲ್ಯಾ?"

ಕೇಳಿರಲಿಲ್ಲ.

ಮರುದಿನ ಅಂಗಳದಲ್ಲಿ ಬುಟ್ಟಿ ಇಳಿಯಿತು. ಎಂದಿನಂತೆ ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ, ಕೆಂಪಗಿದೆಯೇ ನೋಡಿ, ಮೂಸಿ, ಕೇಳಿಯೇ ಬಿಟ್ಟೆ: "ಅಕ್ಕ, ನಂಗೆ ಕೊಸ್ರು ಎಂತಕೆ ಇಲ್ಲ?"

ಅವಳು ಸೊಂಟಕ್ಕೆ ಕೈ ಇಟ್ಟಳು. "ಇದಕ್ಕೇ! ಹನ್ನೊಂದ್ ವರ್ಷ ಆಯ್ತ್, ಒಂದಿನ ಹಾಳ್ ಮೀನ್ ಕೊಟ್ಟಿದ್ನಾ? ಮೂರ್ ತಿಂಗ್ಳ್ ಹಿಂದೆ ನೀವ್ ಹೀಂಗೇ ಮೂಸುದ್ ಕಂಡ್, ಹೊಸ್ತಾಗಿ ಬಂದ ಬಾಡಿಗಿ ಮನಿಯವ್ರ್ ಮೀನ್ ಹಾಳಾಯಿತ್ ಅಂದ್ಕಂಡ್ ವಾಪಾಸ್ ಹ್ವಾದ್ರ್. ನಂಗೆಷ್ಟ್ ಬೇಜಾರಾಯ್ತ್ ಗೊತ್ತಿತ್ತಾ? ಮೂಸುದ್ ಬಿಡು ತನ್ಕ ಇವ್ರಿಗೆ ಕೊಸ್ರು ಇಲ್ಲ ಅಂದೇಳಿ ಆವತ್ತೇ ತೀರ್ಮಾನ ಮಾಡ್ದೆ."

"ಬಾಯ್ಬಿಟ್ ಹೇಳುಕಾಗ್ದಾ ಅಕ್ಕ?"

"ಹೇಳುದೆಂತಕೆ? ನಿಮ್ಮನಿ ಬೆಕ್ಕಿಗೂ ಹೇಳ್ಲಿಲ್ಲ. ಬುಟ್ಟಿಗೆ ಬಾಯಿ ಹಾಕಿದ್ ದಿನ ಮೀನ್ ತಲಿ ಕೊಡ್ಲಿಲ್ಲ, ದೂರ ಕೂಕಂಡ್ ದಿನ ಕೊಟ್ಟೆ. ಹದ್ನೈದ್ ದಿನಕ್ಕೆ ಕಲ್ತಿತ್. ನೀವ್ ಮಾಷ್ಟ್ರಲ್ದಾ, ಇನ್ನೂ ಬೇಗ ಕಲಿತ್ರಿ ಅಂದ್ಕಂಡಿದ್ದೆ!"

ನನಗೆ ನಿಜಕ್ಕೂ ನಾಚಿಕೆಯಾಯಿತು. "ತಪ್ಪಾಯ್ತಕ್ಕ" ಎಂದೆ.

ಮರುದಿನ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬೆಕ್ಕಿನ ಪಕ್ಕದಲ್ಲೇ, ಬುಟ್ಟಿಯಿಂದ ಒಂದು ಮಾರು ದೂರ ನಿಂತೆ. ಕೇಳಿದಷ್ಟು ಹಾಕಿದ ಮೇಲೆ ಒಂದು ದಪ್ಪ ಬಂಗುಡೆ ನನ್ನ ಪಾತ್ರೆಗೆ ಬಿತ್ತು. ಬೆಕ್ಕಿನ ಮುಂದೆ ಒಂದು ತಲೆ ಬಿತ್ತು. ಮೀನಿನಕ್ಕ ಬೆಕ್ಕಿನ ಕಡೆ ಬಗ್ಗಿ ಹೇಳಿದಳು: "ಕಂಡ್ಯಾ, ಮಾಷ್ಟ್ರೂ ಪಾಸಾದ್ರ್!"