ಮುಟ್ಟಿಸಲೇನ್ರಿ ಎಂದು ಕೇಳುವ ಕರಿ ಪರದೆ

ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವನಿಗೆ ಕತ್ತರಿಸುವ ಚಟ ಅಂಟಿಕೊಳ್ಳುತ್ತದೆ. ಬೇರೆಯವರ ವರದಿಯಲ್ಲಿ ಹೆಚ್ಚಾದ ಮಾತು ತೆಗೆಯುವುದು ಅವನ ಕೆಲಸ, ನಿಜ. ಆದರೆ ಕೈ ಅಲ್ಲಿಗೇ ನಿಲ್ಲುವುದಿಲ್ಲ. ನಾನು ಮದುವೆಯ ಕರೆಯೋಲೆ ಓದುವಾಗಲೂ ಮನಸ್ಸಿನಲ್ಲೇ ವಿಶೇಷಣಗಳನ್ನು ಹೊಡೆದುಹಾಕುತ್ತೇನೆ. ಹೆಂಡತಿ ತವರಿನ ಸುದ್ದಿ ಹೇಳತೊಡಗಿದರೆ ಸ್ವಲ್ಪ ಹೊತ್ತಿಗೇ "ಕೊನೀಗಿ ಏನಾತು?" ಎಂದು ಕೇಳಿ, ಆ ದಿನದ ಉಳಿದ ಸುದ್ದಿಗಳನ್ನೆಲ್ಲ ಕಳೆದುಕೊಳ್ಳುತ್ತೇನೆ. ಇಂಥವನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಕೂತರೆ ಏನಾಗಬಹುದೆಂದು ಮೊದಲೇ ಊಹಿಸಬೇಕಿತ್ತು. ಊಹಿಸುವುದು ಸುದ್ದಿಯವರ ಧರ್ಮವಲ್ಲವಾದ್ದರಿಂದ ಊಹಿಸಲಿಲ್ಲ.

ನಮ್ಮದು ಬೀದರದಿಂದ ಹೊರಡುವ ಸಣ್ಣ ದಿನಪತ್ರಿಕೆ. ಭಾಲ್ಕಿಯಲ್ಲಿ ಮಹಾನಂದಾ ಎಂಬ ಚುರುಕು ನಾಲಿಗೆಯ ವರದಿಗಾರ್ತಿ ಇದ್ದಾಳೆ. ಔರಾದದಲ್ಲಿ ವೈಜನಾಥ ಕಾಕಾ. ಕಾಕಾ ಪತ್ರಿಕೆಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅವರು ಕೈಯಲ್ಲಿ ಬರೆದು, ಹಾಳೆಯ ಫೋಟೋ ತೆಗೆದು ಫೋನಿನಲ್ಲಿ ಕಳಿಸುತ್ತಿದ್ದರು. ಬೀದರದಲ್ಲಿ ಟೈಪಿಸ್ಟ್ ಅದನ್ನು ಕಂಪ್ಯೂಟರಿನಲ್ಲಿ ಹೊಡೆಯುತ್ತಿದ್ದಳು. ಅವಳು ಲಾತೂರಿಗೆ ಸೊಸೆಯಾಗಿ ಹೋದಳು. ಹಳೆಯ ಮಾಲೀಕರು ತೀರಿಕೊಂಡ ಮೇಲೆ ಪುಣೆಯಿಂದ ಬಂದು ಕುರ್ಚಿಯಲ್ಲಿ ಕೂತ ಅವರ ಮಗ, ಇನ್ನು ಟೈಪಿಸ್ಟ್ ಇಲ್ಲ, ವರದಿಗಾರರು ತಾವೇ ಹೊಡೆದು ಕಳಿಸಬೇಕು ಎಂದರು. ಭಾಲ್ಕಿಗೆ ಅದು ಸಮಸ್ಯೆಯಲ್ಲ. ಔರಾದಕ್ಕೆ ಒಂದು ತಿಂಗಳ ಗಡುವು. ಕಡೆಯ ದಿನ ಪುಟ ಮುಗಿಯುವುದರೊಳಗೆ ಕಾಕಾ ತಮ್ಮ ಕೈಯಿಂದಲೇ ಹೊಡೆದ ಒಂದು ವರದಿ ಬಂದರೆ ಸರಿ. ಬಾರದಿದ್ದರೆ ಔರಾದದ ಕಚೇರಿ ಮುಚ್ಚಿ, ಅಲ್ಲಿನ ಸುದ್ದಿಯನ್ನೂ ಮಹಾನಂದಾಳಿಗೆ ವಹಿಸುವುದು. ಔರಾದದ ಬಸ್ ನಿಲ್ದಾಣದಲ್ಲಿ "ಪೇಪರ್ ಕಾಕಾ" ಎಂದು ಕರೆಸಿಕೊಂಡೇ ವಯಸ್ಸಾದ ಮನುಷ್ಯ ಅವರು. ಪೇಪರ್ ತೆಗೆದರೆ ಬರೀ ಕಾಕಾ ಉಳಿಯುತ್ತಾರೆ. ಊರಲ್ಲಿ ಬರೀ ಕಾಕಾಗಳಿಗೇನು ಕೊರತೆ?

ಔರಾದದ ಕಂಪ್ಯೂಟರ್ ಹಳೆಯದು. ಅದರಲ್ಲಿ ದೊಡ್ಡ ಸಾಫ್ಟ್‌ವೇರ್ ತೆರೆಯಲು ಕೊಟ್ಟು ಚಾ ಕುಡಿದು ಬರಬಹುದಿತ್ತು. ತೆರೆದ ಮೇಲೂ ಕಾಕಾಗೆ ನೆಮ್ಮದಿಯಿಲ್ಲ. ಮೇಲೊಂದು ಸಾಲು ಚಿತ್ರ, ಕೆಳಗೊಂದು ಸಾಲು ಚಿತ್ರ. ಮೌಸ್ ಹಿಡಿದು ಅವರು ಹೇಳಿದರು: "ಇದು ನಾ ಒಂದ್ ಕಡಿ ಅಂದ್ರ ತಾ ಒಂದ್ ಕಡಿ ಓಡ್ತದ ತಮ್ಮಾ. ಇದಕಿಂತ ನಮ್ಮ ಟಗರು ಚಲೋ, ಹೇಳಿದ್ದರ ಕೇಳ್ತದ."

ನನಗೆ ಪ್ರೋಗ್ರಾಂ ಬರೆಯುವ ಅಲ್ಪಸ್ವಲ್ಪ ಹವ್ಯಾಸ. ಅಲ್ಪವಿದ್ದದ್ದೇ ಅಪಾಯ. ಚಿತ್ರವಿಲ್ಲದ, ಮೌಸ್ ಬೇಡದ, ಕರಿ ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ ಮೂಡುವ ಒಂದು ಬರವಣಿಗೆಯ ಪ್ರೋಗ್ರಾಂ ಮಾಡಿಕೊಡುತ್ತೇನೆಂದು ಹೊರಟೆ. ಕಪ್ಪು ಹಲಗೆಯಂತೆ ಇರಬೇಕು, ಅಷ್ಟೇ. ಅಕ್ಷರದ ಬಣ್ಣ ಬದಲಿಸುವುದು ಬೇಕೇ? ಬೇಡ. ಅಳತೆ? ಬೇಡ. ಬರೆದದ್ದನ್ನು ಹೆಸರಿಟ್ಟು ಕಾದಿಡುವ ವ್ಯವಸ್ಥೆ? ಅದನ್ನೂ ಹೊಡೆದುಹಾಕಿದೆ. ವರದಿ ಇರುವುದು ಕಳಿಸಲಿಕ್ಕೆ, ಇಟ್ಟುಕೊಂಡು ಮುದ್ದಿಸಲಿಕ್ಕಲ್ಲ. ಕೊನೆಗೆ ಒಂದೇ ಗುಂಡಿ ಉಳಿಯಿತು, "ಮುಗಿಯಿತು" ಎಂಬುದು. ಅದನ್ನು ಒತ್ತಿದರೆ ಒಂದೇ ಪ್ರಶ್ನೆ: "ಕಳಿಸಬೇಕೇ? ಹೌದು, ಬೇಡ." ಹೌದು ಎಂದರೆ ವರದಿ ಬೀದರಕ್ಕೆ ಬರುತ್ತದೆ. ಬೇಡ ಎಂದರೆ ಹಲಗೆ ಒರೆಸಿ ಹೊಸದಕ್ಕೆ ಸಿದ್ಧವಾಗುತ್ತದೆ. ಬರೆದವನಿಗೇ ಬೇಡವಾದ ವರದಿಯನ್ನು ಕಂಪ್ಯೂಟರ್ ಯಾಕೆ ಹೊತ್ತುಕೊಂಡಿರಬೇಕು?

ಮೊದಲು ಭಾಲ್ಕಿಗೆ ಹೋಗಿ ಮಹಾನಂದಾಳಿಗೆ ತೋರಿಸಿದೆ. ಅವಳು ಪರದೆ ನೋಡಿ ನಕ್ಕಳು. "ಇದೇನ್ ಸರ, ಠಾಣೇದಾಗ ಫೌಜದಾರ ಕೇಳಿದಂಗ ಕೇಳ್ತದ. ಕಾಕಾ ಇದನ್ನ ನೋಡಿದ್ರ ಎದ್ದು ಮನಿಗಿ ಹೋಗ್ತಾರ. ಜರಾ ರೀ ಹಚ್ಚಿ ಮಾತಾಡ್ಸ್ರಿ."

ಮಾತು ನನಗೆ ಹಿಡಿಸಿತು. ಪ್ರಶ್ನೆಯನ್ನು ತಿದ್ದಿದೆ: "ಬರೆದದ್ದನ್ನು ಬೀದರಕ್ಕೆ ಮುಟ್ಟಿಸಲೇನ್ರಿ?" ಉತ್ತರ ಹೂಂ ಅಥವಾ ಬ್ಯಾಡ. ನನ್ನ ವೃತ್ತಿಜೀವನದಲ್ಲಿ ನಾನು ಕತ್ತರಿಸದೆ ಸೇರಿಸಿದ ಅಪರೂಪದ ಅಕ್ಷರ ಆ "ರಿ". ಗಡುವಿನ ಹಿಂದಿನ ದಿನ ಔರಾದಕ್ಕೆ ಹೋಗಿ ಕಾಕಾಗೆ ಕಲಿಸಿದೆ. ಅವರು ಒಂದೊಂದೇ ಅಕ್ಷರ ಹುಡುಕಿ ತಮ್ಮ ಹೆಸರು ಹೊಡೆದರು. ಪ್ರಶ್ನೆ ಬಂದಾಗ ಬಸ್ಸಿನ ಅವಸರದಲ್ಲಿ ನಾನೇ ಹೂಂ ಒತ್ತಿ, "ಇಷ್ಟೇ ನೋಡ್ರಿ" ಎಂದು ಎದ್ದುಬಂದೆ.

ಗಡುವಿನ ಸಂಜೆ ಮಾಲೀಕರು ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು. ಪುಟದಲ್ಲಿ ಔರಾದದ ಜಾಗ ಖಾಲಿ. ಸುದ್ದಿ ದೊಡ್ಡದೇನಲ್ಲ: ಮರುದಿನ ಎಕಂಬಾದಲ್ಲಿ ಕುರಿಗಳಿಗೆ ಲಸಿಕೆ, ಡಾಬಕಾ ಊರಿನವರೂ ಕುರಿ ಹೊಡೆದುಕೊಂಡು ಬರಬಹುದು. ಕಾಕಾ ಮಧ್ಯಾಹ್ನವೇ ಶುರುಮಾಡಿದ್ದರು. ಹೊತ್ತು ಮುಳುಗುವ ಮೊದಲು ಫೋನ್ ಬಂತು.

"ಮುಗೀತ್ರಿ ಸಾಹೇಬ್ರ. ಬಂತೇನು?"

"ಇಲ್ಲ ಕಾಕಾ. ಪರದಿ ಮ್ಯಾಲ ಏನ್ ಕಾಣ್ತದ?"

"ಏನಿಲ್ಲ. ಪಾಟಿ ಒರಸಿದಂಗ ಆಗ್ಯಾದ."

"ಲೈಟ್ ಹೋಗಿತ್ತೇನು?"

"ಫ್ಯಾನ್ ತಿರಗ್ಲಾಕತ್ತದಲ್ಲ."

ಪ್ರೋಗ್ರಾಮಿನಲ್ಲಿ ತಪ್ಪಿದೆ. ಒಬ್ಬ ಮನುಷ್ಯನ ಅನ್ನದ ಮೇಲೆ, ಅನ್ನಕ್ಕಿಂತ ಹೆಚ್ಚಾಗಿ ಹೆಸರಿನ ಮೇಲೆ, ನನ್ನ ಹವ್ಯಾಸ ಕೂತುಬಿಟ್ಟಿದೆ. ಇನ್ನೊಮ್ಮೆ ಹೊಡೆಯಿರಿ ಎಂದು ಹೇಳಿ, ನಾನು ಬರೆದ ಸಾಲುಗಳನ್ನು ತೆರೆದು ಓದಲು ಕೂತೆ. ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ನಾವು ಬರೆದ ತಪ್ಪು ನಮ್ಮ ಕಣ್ಣಿಗೆ ಹಾಗೆಯೇ ಕಾಣುವುದು ಎಂದು ಜೂನಿಯರ್‌ಗಳಿಗೆ ಹೇಳುತ್ತಿದ್ದವನು ನಾನೇ. ಭಾಲ್ಕಿಯಿಂದ ಮಹಾನಂದಾ ಫೋನ್ ಮಾಡಿದಳು: "ಸರ, ಕಾಕಾ ಬಾಯ್ಲೆ ಹೇಳ್ಲಿ, ನಾ ಹೊಡೀತೇನಿ. ಅವರ ಜಾಗಾ ನನಗ ಬ್ಯಾಡ್ರಿ." ಮಾಲೀಕರು ಕಿವಿಯ ಪಕ್ಕದಲ್ಲೇ ಇದ್ದರು. ನಾನು "ಆಮೇಲೆ ಮಾತಾಡೋಣ" ಎಂದು ಫೋನ್ ಇಟ್ಟೆ.

ಕಾಕಾರ ಎರಡನೆಯ ಫೋನ್ ಬಂದಾಗ ಮುದ್ರಣದವರು ಬಾಗಿಲಿಗೆ ಬಂದು ನಿಂತಿದ್ದರು. ವರದಿ ಮತ್ತೆ ಬಂದಿರಲಿಲ್ಲ. ಹಲಗೆ ಮತ್ತೆ ಒರೆಸಿಕೊಂಡಿತ್ತು.

"ಕಾಕಾ, ಏನೇನ್ ಒತ್ತಿದ್ರಿ, ಒಂದೂ ಬಿಡದಂಗ ಹೇಳ್ರಿ."

"ಹೊಡದು ಮುಗಿಸ್ದೆ. ಮುಗಿಯಿತು ಅನ್ನೋದು ಒತ್ತಿದೆ. ಬೀದರಕ್ಕ ಮುಟ್ಟಿಸ್ಲೇನ್ರಿ ಅಂತು. ಬ್ಯಾಡ ಅಂದೆ."

"ಬ್ಯಾಡ ಅಂದ್ರಿ?!"

"ಮತ್ತ? ಅದು ಪಾಪ, ಇಷ್ಟ ನಮ್ರತಾದಿಂದ ಕೇಳ್ತದ, ಒಮ್ಮಿಗೇ ಹೂಂ ಅನ್ನೋದು ಹ್ಯಾಂಗ್ರಿ? ಬ್ಯಾಡಪ್ಪ, ನಿನಗ್ಯಾಕ ತ್ರಾಸ ಅಂತ ಬ್ಯಾಡ ಒತ್ತಿದೆ. ಇನ್ನೊಮ್ಮಿ ಕೇಳ್ತದ ಅಂತ ಕಾದೆ. ಕೇಳ್ಲೇ ಇಲ್ಲ. ಎರಡೂ ಸಲ ಹಂಗೇ ಮಾಡ್ತು. ರೀ ಅನ್ನೋದು ಕಲ್ಸೀರಿ, ಆಗ್ರಹ ಮಾಡೋದು ಕಲ್ಸಿಲ್ಲ ನೀವು ಅದಕ್ಕ."

ನಮ್ಮ ಕಡೆ ಯಾರ ಮನೆಗೆ ಹೋದರೂ, ಎಷ್ಟೇ ಹಸಿದಿದ್ದರೂ, ಚಾ ಎಂದ ಕೂಡಲೇ ಹೂಂ ಅನ್ನುವವರಿಲ್ಲ. ಈಗಷ್ಟೇ ಕುಡಿದು ಬಂದೆ ಎನ್ನಬೇಕು. ಅರ್ಧ ಕಪ್ಪಾದರೂ ಕುಡಿಯಲೇಬೇಕು ಎಂದು ಆಗ್ರಹ ಮಾಡಬೇಕು ಅವರು. ಆಮೇಲೆ ಸೋಲಬೇಕು ನಾವು. ಫೌಜದಾರನಂತೆ ಕೇಳಿದ್ದರೆ ಕಾಕಾ ಫೌಜದಾರನಿಗೆ ಕೊಡುವ ನೇರ ಉತ್ತರವನ್ನೇ ಕೊಡುತ್ತಿದ್ದರು. ನಾನು ಕಂಪ್ಯೂಟರನ್ನು ಉಪಚರಿಸುವ ನೆಂಟನನ್ನಾಗಿ ಮಾಡಿದ್ದೆ, ಅದೂ ಅರ್ಧಂಬರ್ಧ.

"ಈ ಸಲ ಕೇಳಿದ ಕೂಡ್ಲೇ ಹೂಂ ಅನ್ರಿ ಕಾಕಾ."

"ಉಪಾಸ ಬಿದ್ದವರಂಗ?"

"ಉಪಾಸ ಬಿದ್ದವರಂಗೇ ಅನ್ರಿ. ಪೇಜ್ ನಿಂತದ."

ಮುದ್ರಣದವರು ಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನು ನೋಡತೊಡಗಿದ್ದರು. ಮಾಲೀಕರು ಔರಾದದ ಜಾಗಕ್ಕೆ ಯಾವ ಜಾಹೀರಾತು ಇದೆ ಎಂದು ಮೆಲ್ಲಗೆ ವಿಚಾರಿಸಿದರು. ನಾನು ಕೇಳಿಸದವನಂತೆ ಪರದೆಯನ್ನೇ ದಿಟ್ಟಿಸಿದೆ. ಜಾಹೀರಾತು ತರಲು ಒಬ್ಬರು ಎದ್ದುಹೋದರು. ಅವರು ವಾಪಸು ಬರುವಷ್ಟರಲ್ಲಿ ವರದಿ ಮೂಡಿತು. ನಾಲ್ಕೇ ವಾಕ್ಯ. ಯಾವಾಗ, ಎಲ್ಲಿ, ಯಾರು ಬರಬೇಕು, ಏನು ತರಬೇಕು. ಕುರಿ ಸಾಕಾಣಿಕೆಯ ಹಿರಿಮೆಯಿಂದ ವರದಿ ಆರಂಭಿಸುವ ಕಾಕಾಗೆ ಚಿಕ್ಕದಾಗಿ ಬರೆಯಿರಿ ಎಂದು ನಾನು ವರ್ಷಗಟ್ಟಲೆ ಗೋಗರೆದಿದ್ದೆ. ನನ್ನಿಂದ ಆಗದ್ದನ್ನು ನನ್ನ ಪ್ರೋಗ್ರಾಂ ಎರಡು ವರದಿ ನುಂಗಿ ಮಾಡಿತ್ತು.

ಮಾಲೀಕರು ಓದಿ ತಲೆದೂಗಿ, ನನ್ನ ಫೋನಿನಿಂದ ಕಾಕಾಗೆ ಕರೆ ಮಾಡಿಸಿ ಸ್ಪೀಕರಿಗೆ ಹಾಕಿಸಿದರು. "ಕಾಕಾ, ವರದಿ ಚೆನ್ನಾಗಿದೆ. ಔರಾದ ಕಚೇರಿಯನ್ನು ನೀವೇ ಮುಂದುವರಿಸ್ತೀರಾ?"

ಮುಂದೇನು ಬರಲಿದೆ ಎಂಬುದು ನನಗೆ ತಕ್ಷಣ ಹೊಳೆಯಿತು. ತಡೆಯಲು ಹೊತ್ತಿರಲಿಲ್ಲ.

"ಬ್ಯಾಡ್ರಿ ಮಾಲಕ್ರ. ವಯಸ್ಸಾತು. ಯಾರರ ಹೊಸಬ್ರಿಗಿ ಕೊಡ್ರಿ."

"ಓ, ಹಾಗಾ? ಸರಿ ಹಾಗಾದರೆ," ಎನ್ನುತ್ತ ಮಾಲೀಕರು ಫೋನ್ ಕಡಿತಗೊಳಿಸಲು ಬೆರಳು ಚಾಚಿದರು. ಪುಣೆಯಲ್ಲಿ ಬೆಳೆದವರು; ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನೇ ಉತ್ತರವೆಂದು ತಿಳಿಯುವವರು. ನಾನು ಫೋನಿನ ಮೇಲೆ ಅಂಗೈ ಮುಚ್ಚಿದೆ. ಮಾಲೀಕರ ಬೆರಳು ನನ್ನ ಕೈಗೆ ತಾಗಿತು.

"ಹಂಗಂದ್ರ ಹ್ಯಾಂಗ್ರಿ ಕಾಕಾ? ಔರಾದಕ್ಕ ನೀವಲ್ದೆ ಯಾರದಾರ?"

"ಇಲ್ಲ ತಮ್ಮಾ. ಕಣ್ಣೂ ಮಂಜ ಆಗ್ಯಾವ."

"ಬಿಡಿ, ಅವರಿಗೆ ಇಷ್ಟವಿಲ್ಲ," ಎಂದರು ಮಾಲೀಕರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಸಂಬಳ ಕೊಡುವವರಿಗೆ ಹಾಗೆ ಮಾಡಿದ್ದು ಅದೇ ಮೊದಲು.

"ಮಾಲಕ್ರು ಖುದ್ದ ಕೇಳ್ಲಾಕತ್ತಾರ. ನೀವೇ ಮಾಡ್ಬೇಕು. ಬ್ಯಾರೆ ಮಾತೇ ಇಲ್ಲ."

ಕಾಕಾ ಗಂಟಲು ಸರಿಮಾಡಿಕೊಂಡರು. "ಇಷ್ಟ ಆಗ್ರಹ ಮಾಡ್ಲಾಕತ್ತೀರಿ ಅಂದ ಮ್ಯಾಲ... ಆತು ಬಿಡ್ರಿ. ಮಾಡ್ತೇನಿ."

ಫೋನ್ ಇಟ್ಟ ಮೇಲೆ ಮಾಲೀಕರು ಕೇಳಿದರು: "ಮನಸ್ಸು ಬದಲಾಯಿಸಿದರಾ?"

"ಇಲ್ಲ. ಮೊದಲಿನಿಂದಲೂ ಅದೇ ಮನಸ್ಸು," ಎಂದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ.

ಮರುದಿನ ಪ್ರೋಗ್ರಾಂ ತಿದ್ದಿದೆ. ಈಗ ಬ್ಯಾಡ ಎಂದರೆ ಅದು ಮತ್ತೆ ಕೇಳುತ್ತದೆ, ಮತ್ತೂ ಬ್ಯಾಡ ಎಂದರೆ ಇನ್ನೊಮ್ಮೆ ಕೇಳುತ್ತದೆ. "ನಮ್ಮ ಅತ್ತಿ ಊಟಕ್ಕ ಕುಂದ್ರಿಸಿದಂಗ ಮಾಡ್ತದ ಸರ ಇದು," ಎಂದು ಮಹಾನಂದಾ ದೂರಿದಳು. ಕಾಕಾ ಮಾತ್ರ ಈಗ ಅದಕ್ಕೆ ಸಂಸ್ಕಾರ ಬಂದಿದೆ ಎನ್ನುತ್ತಾರೆ.

ಮಾಲೀಕರಿಗೂ ಸಂತೋಷವಾಗಿತ್ತು. ಪ್ರೋಗ್ರಾಂ ತಿದ್ದಿದ ದಿನ ಸಂಜೆ ಮನೆಗೆ ಹೊರಟವರು ನನ್ನ ಮೇಜಿನ ಬಳಿ ನಿಂತು, ಒಂದು ಗಾಲಿ ಮುರಿದು ಪಕ್ಕಕ್ಕೆ ವಾಲಿದ್ದ ನನ್ನ ಕುರ್ಚಿಯನ್ನು ನೋಡಿದರು. "ನಿಮಗೊಂದು ಒಳ್ಳೆಯ ಕುರ್ಚಿ ತರಿಸಲಾ?" ಎಂದು ಕೇಳಿದರು.

"ಬ್ಯಾಡ್ರಿ, ಇದೇ ನಡೀತದ," ಎಂದೆ.

"ಓಕೆ," ಎಂದು ಅವರು ಹೊರಟರು. ಅವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದು, ಕೆಳಗೆ ಕಾರಿನ ಬಾಗಿಲು ಮುಚ್ಚಿ, ಕಾರು ರಸ್ತೆಯ ತಿರುವು ದಾಟುವವರೆಗೂ ನಾನು ಜಾಗ ಬಿಟ್ಟು ಏಳಲಿಲ್ಲ. ಎರಡನೆಯ ಸಲ ಕೇಳಲು ಬಂದರೆ ನಾನು ಅದೇ ಕುರ್ಚಿಯಲ್ಲಿ ವಾಲಿಕೊಂಡು ಸಿಗಬೇಕಲ್ಲ.