ಹತ್ತು ವೃತ್ತ, ಹನ್ನೊಂದು ಜನ

ಬಯಲಲ್ಲಿ ಹತ್ತು ಜನ ಸೇರಿ ವ್ಯಾಯಾಮ ಮಾಡಬಹುದು ಎಂದು ಸರ್ಕಾರ ಅಪ್ಪಣೆ ಕೊಟ್ಟದ್ದೇ ತಡ, ಮೂರನೇ ಮಹಡಿಯ ದರ್ಜಿಗೆ ರೆಕ್ಕೆ ಬಂತು. ನಾಲ್ಕು ತಿಂಗಳಿಂದ ಆತ ಅತ್ತೆ, ಹೆಂಡತಿ ಮತ್ತು ಹೊಲಿಗೆ ಯಂತ್ರದ ನಡುವೆ ಕೂತು ಮಾಸ್ಕು ಹೊಲಿದಿದ್ದ. ಮೂರರಲ್ಲಿ ಆಗಾಗ ಸದ್ದು ನಿಲ್ಲಿಸುತ್ತಿದ್ದುದು ಯಂತ್ರ ಮಾತ್ರ.

ಬೆಳಗ್ಗೆ ಐದಕ್ಕೇ ಟೇಪು, ಸೀಮೆಸುಣ್ಣ ಹಿಡಿದು ಕಟ್ಟಡದ ಹಿಂದಿನ ಸಿಮೆಂಟು ಅಂಗಳಕ್ಕಿಳಿದ. ಆರಾರು ಅಡಿ ಬಿಟ್ಟು ಹತ್ತು ವೃತ್ತ ಎಳೆದ. ಮದುಮಗನ ಕೋಟಿಗೂ ಇಷ್ಟು ಕರಾರುವಾಕ್ಕಾಗಿ ಅಳತೆ ಹಿಡಿದವನಲ್ಲ. ಮರದಡಿಯ ಹತ್ತನೆಯ ವೃತ್ತ ತನಗೆಂದು ಮೊದಲೇ ಕಣ್ಣು ಹಾಕಿದ್ದ.

ಏಳಕ್ಕೆ, ಮೊದಲೇ ಹೆಸರು ಕೊಟ್ಟಿದ್ದ ಒಂಬತ್ತು ಜನರೂ ಬಂದರು. ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ, ಹೆಸರೇ ಕೊಡದಿದ್ದವರು, ತಾವೂ ಬಂದು ನೆಟ್ಟಗೆ ಮರದಡಿ ನಿಂತರು.

"ಸಾರ್, ಅದು ನನ್ನ ಜಾಗ."

"ಹೆಸರು ಬರೆದಿದೆಯೇನ್ರೀ?"

"ಹಾಗಲ್ಲ ಸಾರ್, ಹತ್ತೇ ಜನ ಅಂತ ರೂಲ್ಸು..."

"ಅದಕ್ಕೇ ಹೇಳ್ತಿರೋದು. ನೀವು ಹನ್ನೊಂದನೆಯವರು, ಆಚೆ ನಿಲ್ಲಿ. ಎಲ್ಲರ ಆರೋಗ್ಯದ ಪ್ರಶ್ನೆ!"

ಉಳಿದ ಒಂಬತ್ತು ಮಂದಿಯೂ ಆರೋಗ್ಯದ ಪರವಾಗಿ ತಲೆಯಾಡಿಸಿದರು. ನಿವೃತ್ತ ಮೇಷ್ಟ್ರು ಮಾತ್ರ ಕನಿಕರದಿಂದ, "ಬೇಜಾರು ಮಾಡ್ಕೋಬೇಡಿ. ಯಾರಾದ್ರೂ ಒಬ್ರು ಬಿಟ್ಟೇ ಬಿಡ್ತಾರೆ. ಆಗ ಜಾಗ ನಿಮ್ಮದೇ," ಎಂದರು.

ದರ್ಜಿ ಅವಮಾನ ನುಂಗಿಕೊಂಡು ಮೆಟ್ಟಿಲ ಬಳಿ ನಿಂತ. ಆದರೆ ಕಸುಬಿನ ಕಣ್ಣು ಸುಮ್ಮನಿದ್ದೀತೆ? ಕಾರ್ಯದರ್ಶಿ ಕೈ ಎತ್ತಿದಾಗಲೆಲ್ಲ ಅವರ ಮಾಸ್ಕು ಗದ್ದಕ್ಕೆ ಜಾರುತ್ತಿತ್ತು. ಅದು ತಾನೇ ಹೊಲಿದದ್ದು! ಊರ ಮುಂದೆ ಮಾನ ಹರಾಜಾದಂತಾಯಿತು. ಎರಡು ಸಲ ತಡೆದುಕೊಂಡ, ಮೂರನೇ ಸಲ ಅವರ ಬಳಿಗೆ ಓಡಿಯೇ ಹೋದ. ಮಾಸ್ಕು ಬಿಚ್ಚಿ, ದಾರ ಗಿಡ್ಡ ಮಾಡಿ, ಗಂಟು ಹಾಕಿದ. ಅಷ್ಟರಲ್ಲಿ ಕಾರ್ಯದರ್ಶಿ ಅವನ ಮುಖಕ್ಕೇ ಎರಡು ಸಲ ಸೀನಿ, "ಥ್ಯಾಂಕ್ಸ್" ಎಂದರು.

ಮಧ್ಯಾಹ್ನ ಕಾರ್ಯದರ್ಶಿಗೆ ಜ್ವರ ಬಂತು, ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು. ನಾಲ್ಕಕ್ಕೆ ಆರೋಗ್ಯ ಕೇಂದ್ರದ ನರ್ಸಮ್ಮ ಪಟ್ಟಿ ಹಿಡಿದು ಬಂದರು.

"ಅವರ ಹತ್ತಿರ ಯಾರ್ಯಾರು ಹೋಗಿದ್ರಿ?"

"ಆರಡಿ ಒಳಗೆ ಯಾರೂ ಹೋಗಿಲ್ಲಮ್ಮ," ಮೇಷ್ಟ್ರು ಹೆಮ್ಮೆಯಿಂದ ಹೇಳಿದರು. "ನಮ್ಮ ದರ್ಜಿ ಟೇಪು ಹಿಡಿದು ವೃತ್ತ ಎಳೆದಿದ್ರು. ಪಾಪ, ಹತ್ತಿರ ಹೋಗಿದ್ದು ಅವರೊಬ್ರೇ."

ನರ್ಸಮ್ಮ ತಾವೂ ಅಳೆದು ನೋಡಿದರು. ಎಲ್ಲಾ ಕಡೆ ಸರಿಯಾಗಿ ಆರಡಿ. ಒಂಬತ್ತು ಜನರನ್ನೂ ಬಿಟ್ಟು, ದರ್ಜಿಯ ಬಾಗಿಲಿಗೆ ಹದಿನಾಲ್ಕು ದಿನದ ಕ್ವಾರಂಟೈನ್ ಚೀಟಿ ಅಂಟಿಸಿದರು. ಒಳಗೆ ಅತ್ತೆ, ಹೆಂಡತಿ, ಯಂತ್ರ.

ಸಂಜೆ ಒಂಬತ್ತು ಜನ ಮತ್ತೆ ಅಂಗಳಕ್ಕಿಳಿದರು. ಕಿಟಕಿಯಲ್ಲಿ ದರ್ಜಿಯ ಮುಖ ಕಂಡದ್ದೇ ಮೇಷ್ಟ್ರು ಮರದಡಿಗೆ ಕೈತೋರಿಸಿ ಸಂತೋಷದಿಂದ ಕೂಗಿದರು:

"ನಾನು ಹೇಳಿರಲಿಲ್ವಾ? ನೋಡಿ, ನಿಮ್ಮ ಜಾಗ ಖಾಲಿ ಆಯ್ತು!"