ತಮ್ಮನ ಫಟ್‌ಫಟಿ ಕೊಟ್ಟು ದೊಡ್ಡದು ತಂದದ್ದು

ನಗುವ ಪ್ರಸಂಗಗಳಿಗೆ ಹೊತ್ತುಗೊತ್ತು ಇಲ್ಲ. ಅತ್ತು ಹಗುರಾಗೋಣವೆಂದು ಕೂತರೆ ಯಾರಾದರೂ ಬಂದು ನಗಿಸಿ ಹೋಗುತ್ತಾರೆ, ನಕ್ಕು ಮುಗಿಸುವಷ್ಟರಲ್ಲಿ ಮತ್ತೆ ಅಳು. ನನ್ನ ಬಾಳೆಲ್ಲ ಹೀಗೇ ನಡೆದಿದೆ. ಆದರೆ ಪುಣೆಯಲ್ಲಿ ಫಟ್‌ಫಟಿ ಬದಲಿಸಿದ ಆ ಒಂದು ವರ್ಷದಲ್ಲಿ ಮಾತ್ರ ಇದು ಅತಿಯಾಯಿತು.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಬಾಗಲಕೋಟೆ ಕಡೆಯಿಂದ ಬಂದು ಪೇಟೆಯ ಒಂದು ಹಳೇ ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ಅವ್ವ, ನಾನು, ತಮ್ಮ. ಸಣ್ಣ ಫಟ್‌ಫಟಿ ತಮ್ಮನದು. ಸೈಕಲ್ಲಿಗೆ ಎಂಜಿನ್ನು ಕಟ್ಟಿದಷ್ಟೇ ಅದರ ಗಾತ್ರ, ಆದರೆ ಅವನ ಜಂಬ ನೋಡಬೇಕಿತ್ತು, ಆನೆಯ ಮೇಲೆ ಕೂತವನಿಗೂ ಅಷ್ಟು ಇರಲಿಕ್ಕಿಲ್ಲ. ಮಹಾಯುದ್ಧ ಬಂದಾಗ, ಗಾಡಿ ಓಡಿಸಲು ಬರುತ್ತದೆಂಬ ಒಂದೇ ಕಾರಣಕ್ಕೆ ಲಷ್ಕರಿನವರು ಅವನನ್ನು ಟಪಾಲು ಒಯ್ಯುವ ಸವಾರನನ್ನಾಗಿ ಮಾಡಿಕೊಂಡು ಸಮುದ್ರದಾಚೆ ಕಳಿಸಿದರು. ಎರಡು ವರ್ಷಕ್ಕೆ ಒಂದು ಕಾಗದ ಬಂತು. ಇಂಥ ಸವಾರನ ಪತ್ತೆಯಿಲ್ಲ ಎಂದು ಬರೆದಿತ್ತು.

ನಾನು ಓದಿ ಹೇಳಿದೆ. ಅವ್ವ ಕೇಳಿದಳು: "ಪತ್ತೆ ಇಲ್ಲ ಅಂದ್ರ, ಹುಡುಕ್ಲಿಕತ್ತಾರ ಅಂತಲ್ಲ?"

"ಹೌದವ್ವಾ."

"ಹುಡುಕ್ಲಿ. ಸಣ್ಣಾಂವ ಇದ್ದಾಗೂ ಹಿಂಗಽ. ಊಟಕ್ಕ ಕೂಗಿದ್ರ ಒಂದ ಸಲನೂ ಸಿಕ್ಕಿಲ್ಲ."

ಯುದ್ಧ ಮುಗಿಯಿತು. ಹಡಗು ಇಳಿದವರೆಲ್ಲ ಮನೆ ಸೇರಿದರು, ತಮ್ಮ ಬರಲಿಲ್ಲ. ಗಾಡಿ ಮಾತ್ರ ವಾಡೆಯ ಅಂಗಳದಲ್ಲಿತ್ತು. ನಾನು ಅದನ್ನು ಕೆಲಸಕ್ಕೆ ಒಯ್ಯುತ್ತಿದ್ದೆ, ಅದೂ ಅವ್ವನನ್ನು ಕೇಳಿ. "ಅಂವ ಬಂದ ಮ್ಯಾಲ ಹೆಂಗಿತ್ತೋ ಹಂಗಽ ಕೊಡಬೇಕು ನೋಡು," ಎಂದು ಅವಳು ದಿನಾ ಹೇಳುತ್ತಿದ್ದಳು. ಅದು ಮನೆಯಲ್ಲಿರುವ ತನಕ ಮಗ ಬರುವವನೇ ಎಂದು ಅವಳ ಲೆಕ್ಕ. ನಾನು ಆ ಲೆಕ್ಕಕ್ಕೆ ಕೈ ಹಾಕುವ ಧೈರ್ಯ ಮಾಡಲಿಲ್ಲ.

೧. ಯಾರ ಮೇಲೆ ಯಾರು?

ನಾನು ಕೆಲಸ ಮಾಡುತ್ತಿದ್ದ ಅಂಗಡಿಯ ಧಣಿಗಳು ಸಾಸವಡ, ಜೇಜುರಿ, ದೌಂಡದ ಕಡೆಯ ದರ್ಜಿಗಳನ್ನೆಲ್ಲ ನನ್ನ ಪಾಲಿಗೆ ಹಾಕಿದರು. ಊರೊಳಗಿನ ಓಣಿಗಳಲ್ಲಿ ಇಲಿಯಂತೆ ನುಸುಳುತ್ತಿದ್ದ ತಮ್ಮನ ಗಾಡಿ ದಿವೇ ಘಾಟಿನ ಬುಡದಲ್ಲಿ ಕಾಲೂರಿ ನಿಂತುಬಿಟ್ಟಿತು. ಹಿಂದೆ ಕಬ್ಬಿಣದ ಹೊಲಿಗೆ ಯಂತ್ರ ಕಟ್ಟಿದ್ದೆ. ನಾನು ಇಳಿದು, ಹೆಗಲು ಕೊಟ್ಟು ತಳ್ಳತೊಡಗಿದೆ.

ಹಿಂದಿನಿಂದ ಜೇಜುರಿಯ ಮೈಲಾರಲಿಂಗನ ದರ್ಶನಕ್ಕೆ ನಡೆದು ಹೊರಟ ಜನ ಬಂದರು. ವಿಜಾಪುರದ ಕಡೆಯವರು. ಅವರಲ್ಲಿ ಒಬ್ಬ ಮುದುಕಿ, ತಲೆಯ ಮೇಲೆ ಗಂಟು, ಹಣೆತುಂಬ ಅರಿಸಿನದ ಭಂಡಾರ. ನಾನು ಎಂಜಿನ್ನಿಗೆ ಕನ್ನಡದಲ್ಲಿ ಬಯ್ಯುತ್ತಿದ್ದುದು ಕಿವಿಗೆ ಬಿದ್ದು ನಿಂತಳು.

"ಯಾಕೋ ತಮ್ಮಾ, ಅದಕ್ಕೇನರ ಬ್ಯಾನಿ ಅದ ಏನು?"

"ಇಲ್ಲಬೇ. ಘಟ್ಟಾ ಏರೂದಿಲ್ಲ."

"ಮತ್ತ ಅದರ ಮ್ಯಾಲ ನೀ ಹೋಗ್ತೀಯೋ, ನಿನ್ನ ಮ್ಯಾಲ ಅದು ಹೋಗ್ತದೋ?"

"ಇಳಿಯೂದಕ್ಕ ಅದು, ಏರೂದಕ್ಕ ನಾನು."

"ಪಾಪ, ನಮ್ಮ ಮನಿ ಅಳಿಯಾನೂ ಹಿಂಗಽ ಅದಾನ," ಎಂದು ಮುದುಕಿ ನನ್ನನ್ನು ದಾಟಿ ಮುಂದೆ ನಡೆದಳು. ನಾನು ನಾಲಿಗೆ ಹೊರಹಾಕಿ ಘಟ್ಟದ ತುದಿ ಮುಟ್ಟಿದಾಗ ಆಕೆ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಎದ್ದು ಬಂದು ಒಂದು ಮುಷ್ಟಿ ಭಂಡಾರ ತೆಗೆದು, ಗಾಡಿಗೂ ನನಗೂ ಹೊಲಿಗೆ ಯಂತ್ರಕ್ಕೂ ಸೇರಿಸಿ ತೂರಿದಳು. "ಈಗ ಹೋಗ್ತದ ನೋಡು, ಮೈಲಾರಲಿಂಗನ ಆಣಿ!"

ಗಾಡಿ ಗಾಳಿಯಂತೆ ಹೋಯಿತು. ಹಿಂದೆ ಜನರೆಲ್ಲ ಜಯಕಾರ ಹಾಕಿದರು. ಅಲ್ಲಿಂದ ಮುಂದೆ ಇಳಿಜಾರು ಇತ್ತೆಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

೨. ಅಭ್ಯಂಗ

ಅವ್ವ ಸೋಮವಾರಕ್ಕೊಮ್ಮೆ ಆ ಗಾಡಿಯನ್ನು ಒರೆಸುತ್ತಿದ್ದಳು. ಹಿತ್ತಾಳೆಯ ಭಾಗಕ್ಕೆ ಹುಣಸೇಹಣ್ಣು, ಉಳಿದದ್ದಕ್ಕೆ ತಮ್ಮನ ಹಳೇ ಧೋತರದ ಚೂರು. ಇಷ್ಟಕ್ಕೆ ನನ್ನ ತಕರಾರು ಇರಲಿಲ್ಲ.

ಆ ವರ್ಷ ನರಕ ಚತುರ್ದಶಿಯ ನಸುಕಿನಲ್ಲಿ ಅವ್ವ ನನಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಹಬ್ಬವಾದರೂ ಒಬ್ಬ ದರ್ಜಿ ಕರೆ ಕಳಿಸಿದ್ದ. ಹಬ್ಬದ ದಿನ ದರ್ಜಿಯ ಯಂತ್ರ ಕೆಟ್ಟರೆ ಗಿರಾಕಿಗಳು ಅವನನ್ನೇ ಹರಿದು ಹೊಲಿಯುತ್ತಾರೆ. ಅವಸರದಲ್ಲಿ ಗಾಡಿ ಹತ್ತಿ ಹೊರಟೆ. ಕಾಯಿಪಲ್ಲೆಯ ಮಂಡಿಯ ಹತ್ತಿರ ಬ್ರೇಕು ಒತ್ತಿದೆ. ಗಾಡಿ ನಿಲ್ಲಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಹಾಯಾಗಿ ಜಾರುತ್ತ ಹೂವಿನವಳ ಚೆಂಡು ಹೂವಿನ ರಾಶಿಯೊಳಗೆ ನುಗ್ಗಿ, ಗಾಡಿಯ ಕೊರಳಿಗೆ ಎರಡು ಹಾರ, ನನ್ನ ಕೊರಳಿಗೆ ಒಂದು ಹಾರ ಬಿದ್ದ ಮೇಲೆ ನಿಂತೆ.

ಹೂವಿನವಳು ಸೊಂಟದ ಮೇಲೆ ಕೈ ಇಟ್ಟು ಕೂಗಿದಳು: "ಅಹೋ, ದಸರಾ ಹೋಊನ ವೀಸ ದಿವಸ ಝಾಲೆ! ಆತಾ ಕಸಲೀ ಗಾಡೀಚೀ ಪೂಜಾ?" ದಸರೆ ಮುಗಿದು ಇಪ್ಪತ್ತು ದಿನವಾಯಿತು, ಈಗೇಕೆ ಗಾಡಿ ಪೂಜೆ ಎಂದು ಇಡೀ ಮಂಡಿಯೇ ನಕ್ಕಿತು.

ಬಗ್ಗಿ ನೋಡಿದರೆ ಚಕ್ರದ ಅಂಚಿಗೆಲ್ಲ ಕುಸುಬೆ ಎಣ್ಣೆ. ಮನೆಗೆ ಬಂದು ಅವ್ವನ ಮೇಲೆ ರೇಗಬೇಕೆಂದು ಬಾಯಿ ತೆಗೆದೆ. ಅವ್ವ ಮೊದಲೇ ಕೇಳಿದಳು: "ಎಣ್ಣಿ ಹಚ್ಚಿದ ಮ್ಯಾಲ ಹಗೂರ ಓಡ್ತೇನು?"

"ಹಗೂರ ಓಡ್ತು, ನಿಲ್ಲಲಿಲ್ಲ."

"ಅಂವಗೂ ಹಂಗಽ. ಎಣ್ಣಿ ಹಚ್ಚಿದ ಮ್ಯಾಲ ಕೈಗೆ ಸಿಗ್ತಿದ್ದಿಲ್ಲ."

ಎಷ್ಟೋ ವರ್ಷದಿಂದ ಎರಡನೆಯ ತಲೆಗೆ ಎಣ್ಣೆ ಹಚ್ಚದೆ ಅವಳ ಕೈ ಕಡಿಯುತ್ತಿತ್ತು. ನನಗೆ ಬಯ್ಯುವುದಾಗಲಿಲ್ಲ. ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಹಬ್ಬದ ಫರಾಳ ತಿಂದೆ.

೩. ಲಗ್ನವೋ ಮಯತವೋ

ಧಣಿಗಳು ಒಂದು ದಿನ ಕರೆದು ಖಡಾಖಡಿ ಹೇಳಿದರು. ದೂರದ ಹಾದಿಗೆ ತಕ್ಕ ಗಾಡಿ ತಂದರೆ ಆ ಊರುಗಳು ನಿನಗೆ, ಇಲ್ಲವಾದರೆ ಬೇರೆಯವನಿಗೆ, ನಿನಗೆ ರಜೆ. ಕ್ಯಾಂಪಿನಲ್ಲಿ ಒಬ್ಬ ಪಾರಸಿ ಸಾಹೇಬರ ಗಾಡಿ ಅಂಗಡಿ ಇತ್ತು. ಲಷ್ಕರಿನವರು ವಿಲೇವಾರಿ ಮಾಡಿದ ದೊಡ್ಡ ಮೋಟರ್‌ಸೈಕಲ್ಲುಗಳು ಅಲ್ಲಿ ಸಾಲಾಗಿ ನಿಂತಿದ್ದವು. ಅಗಲ ಸೀಟು, ಎರಡೂ ಬದಿಗೆ ಚರ್ಮದ ಚೀಲ, ಒಮ್ಮೆ ಹತ್ತಿದರೆ ಸೊಲ್ಲಾಪುರದ ತನಕ ಇಳಿಯುವ ಮಾತಿಲ್ಲ. ಸಾಹೇಬರದು ಒಂದೇ ಶರತ್ತು, ಹಳೇ ಗಾಡಿ ಬದಲಿಗೆ ಕೊಡಬೇಕು. ಬೇಕಿದ್ದರೆ ಒಂದು ದಿನ ಮನೆಗೆ ಒಯ್ದು ಓಡಿಸಿ ನೋಡು ಎಂದರು.

ತಮ್ಮನ ಗಾಡಿಗೆ ಎರಡು ಪೆಡಲು ತುಳಿದರೆ ಸಾಕಿತ್ತು. ಅದೇ ಸಲಿಗೆಯಿಂದ ಇದಕ್ಕೆ ಒಂದು ಒದೆ ಕೊಟ್ಟೆ, ಇದು ತಿರುಗಿ ಒದೆಯಿತು. ಕುಂಟುತ್ತ ಕುಂಟುತ್ತ ವಾಡೆಗೆ ಬಂದೆ.

ವಾಡೆಯ ದೊಡ್ಡ ಬಾಗಿಲು ಸದಾ ಮುಚ್ಚಿರುತ್ತಿತ್ತು. ಅದರಲ್ಲಿ ಕೊರೆದ ಸಣ್ಣ ದಿಂಡಿ ಬಾಗಿಲಲ್ಲೇ ಎಲ್ಲರೂ ಬಗ್ಗಿ ಹೋಗಿಬರಬೇಕು. ತಮ್ಮನ ಗಾಡಿಯನ್ನು ಹೊಸ್ತಿಲು ದಾಟಿಸಿ ಎತ್ತಿ ಇಡುತ್ತಿದ್ದೆವು. ಇದರ ಮೂತಿ ಹೋಯಿತು, ಭುಜ ಸಿಕ್ಕಿಕೊಂಡಿತು. ಅದರ ಗುಡುಗಿಗೆ ವಾಡೆಯ ಮಾಲಕರ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಪುಣೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಆ ಕಾಲದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಅವ್ವ ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. "ಲಷ್ಕರದಾಗ ಇಂಥಾದ್ದಽ ಓಡಸ್ತಾರೇನು?"

"ಹೌದವ್ವಾ."

"ಇಷ್ಟ ದೊಡ್ಡದನ್ನ ಅಂವ ಹೆಂಗ ಹಿಡದಿದ್ದೋ. ಭಾಳ ಸಣ್ಣ ಕೈ ಅವನ್ವು." ನಾನು ಕುಂಟುವುದನ್ನು ನೋಡಿದಳು, ಚರ್ಮದ ಚೀಲವನ್ನು ನೋಡಿದಳು.

ದೊಡ್ಡ ಬಾಗಿಲು ತೆರೆಯಿರೆಂದು ನಾನು ಮಾಲಕರಿಗೆ ಕೈ ಮುಗಿದೆ. ಅವರು ಜನಿವಾರ ಸರಿಮಾಡಿಕೊಂಡು, ಈ ಬಾಗಿಲು ಎರಡೇ ಕಾರಣಕ್ಕೆ ತೆರೆಯುತ್ತದೆ, ಮದುವೆಯ ಮೆರವಣಿಗೆ ಒಳಗೆ ಬರುವಾಗ, ಹೆಣ ಹೊರಗೆ ಹೋಗುವಾಗ ಎಂದರು. "ತುಮಚಂ ಕಾಯ? ಲಗ್ನ ಕೀ ಮಯತ?"

ಅವ್ವನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು, ಅದೇ ತೊಂದರೆ. ನಾನು ಅವಳ ಮುಖ ನೋಡಲಿಲ್ಲ. "ಎರಡೂ ಅಲ್ಲ ಅಂತ ಹೇಳು," ಎಂದು ಒಳಗೆ ಹೋದಳು.

ಗಾಡಿ ಬೀದಿಯಲ್ಲೇ ಉಳಿಯಿತು. ಸಂಜೆಯೊಳಗೆ ದಿಂಡಿ ಬಾಗಿಲಿಗೆ ಮಾಲಕರ ದುಂಡು ಅಕ್ಷರದ ಹೊಸ ನೋಟೀಸು ಅಂಟಿತ್ತು: ಈ ವಾಡೆಯಲ್ಲಿ ಆನೆ ಕಟ್ಟಲು ಅಪ್ಪಣೆ ಇಲ್ಲ.

೪. ರಿಪೇರಿಗೆ ಹೋದ ಗಾಡಿ

ದೊಡ್ಡ ಗಾಡಿಯನ್ನು ಅಂಗಡಿಗೆ ಮರಳಿಸಿದೆ. ಒಂದು ವಾರ ಒದ್ದಾಡಿದೆ. ಕೊನೆಗೆ ಒಂದು ಬೆಳಿಗ್ಗೆ ಗೋಡೆ ನೋಡುತ್ತ ಹೇಳಿದೆ: "ಅವ್ವಾ, ತಮ್ಮನ ಗಾಡಿ ರಿಪೇರಿಗೆ ಒಯ್ತೀನಿ. ಭಾಳ ದಿವಸ ಹಿಡೀಬಹುದು."

ದಿನಾ ಹತ್ತು ಯಂತ್ರ ಬಿಚ್ಚಿ ಕಟ್ಟುವವನ ಮನೆಯಲ್ಲಿ ರಿಪೇರಿಯ ನೆಪ! ಸುಳ್ಳು ಹೇಳಲಿಕ್ಕೂ ಬುದ್ಧಿ ಬೇಕು. ಅವ್ವ ಹಂಚಿನ ಮೇಲಿನ ಹೋಳಿಗೆ ಕೆಳಗಿಳಿಸಿದಳು. "ಒಳಗ ಚಹಾ ಅದ, ಕುಡದು ಬಾ," ಎಂದು ತಾನು ಅಂಗಳಕ್ಕೆ ಹೋದಳು.

ಚಹಾ ಕುಡಿದು ಬಂದು ಹಿಡಿಕೆ ಹಿಡಿದರೆ ಬಲಗೈ ಅಂಟಂಟು. ಅವ್ವ ಮತ್ತೇನೋ ಸವರಿದ್ದಾಳೆಂದು ತಿಳಿದು, ಹಿಡಿಕೆಗೆ ಕರ್ಚೀಫು ಸುತ್ತಿ ಓಡಿಸಿದೆ. ಅಭ್ಯಂಗದ ನಂತರ ಇಂಥದನ್ನು ಕೇಳುವ ಧೈರ್ಯ ನನಗೆ ಇರಲಿಲ್ಲ. ದಾರಿಯುದ್ದಕ್ಕೂ ಎಂಜಿನ್ನು ಎಂದೂ ಇಲ್ಲದಷ್ಟು ಚೆನ್ನಾಗಿ ಓಡಿತು. ಅದು ಒಂದು ಸಲವಾದರೂ ಕೆಟ್ಟು ನಿಂತಿದ್ದರೆ ನಾನು ತಳ್ಳಿಕೊಂಡು ಮನೆಗೆ ಮರಳುತ್ತಿದ್ದೆನೇನೋ.

ಪಾರಸಿ ಸಾಹೇಬರು ಬಲು ಸಂಶಯದ ಮನುಷ್ಯ. ಬೆರಳಿನಿಂದ ತಟ್ಟಿ ತಟ್ಟಿ ಗಾಡಿ ಪರೀಕ್ಷೆ ಮಾಡುತ್ತ ಬಂದವರ ಕಣ್ಣು ಕರ್ಚೀಫಿನ ಮೇಲೆ ಬಿತ್ತು.

"ಯಹಾಂ ಕ್ಯಾ ಛುಪಾಯಾ ಹೈ?" ಇಲ್ಲೇನು ಬಚ್ಚಿಟ್ಟಿದ್ದೀ ಎಂದು ಅದನ್ನು ಬಿಚ್ಚಿ, ಹಿಡಿಕೆ ಮುಟ್ಟಿ, ಬೆರಳು ಮೂಸಿದರು. ಕನ್ನಡಕ ಮೇಲೇರಿಸಿ ಇನ್ನೊಮ್ಮೆ ಮೂಸಿದರು. ಆಮೇಲೆ ನಾಲಿಗೆಯ ತುದಿಗೆ ಹಚ್ಚಿಕೊಂಡರು. "ದಹೀ!" ಎಂದರು. ಚಪ್ಪರಿಸಿ ನೋಡಿ, "ಔರ್ ಶಕ್ಕರ್!"

ಮೊಸರು, ಮೇಲೆ ಸಕ್ಕರೆ! ಅವರು ಗಾಡಿಯ ಹತಾರದ ಡಬ್ಬಿ ತೆರೆದರು. ಅದರಲ್ಲಿ ಪಾನಾ ಇರಲಿಲ್ಲ, ಇಕ್ಕಳ ಇರಲಿಲ್ಲ. ಬಾಳೆ ಎಲೆಯಲ್ಲಿ ಸುತ್ತಿದ ನಾಲ್ಕು ಶೇಂಗಾ ಹೋಳಿಗೆ ಇದ್ದವು, ಇನ್ನೂ ಬೆಚ್ಚಗಿದ್ದವು.

ಸಾಹೇಬರು ಕುರ್ಚಿಯ ಮೇಲೆ ಕೂತುಬಿಟ್ಟರು. ಒಡೆದ ಎಂಜಿನ್ನಿಗೆ ಬಣ್ಣ ಬಳಿದು ತಂದವರನ್ನು, ಗೇರಿನ ಸದ್ದು ಮುಚ್ಚಲು ಕಟ್ಟಿಗೆಯ ಪುಡಿ ತುಂಬಿ ತಂದವರನ್ನು ನೋಡಿದ್ದೇನೆ, ಬುತ್ತಿ ಕಟ್ಟಿ ತಂದವರನ್ನು ನೋಡಿಲ್ಲ ಎಂದರು. "ಯೇ ಗಾಡೀ ಹೈ ಕಿ ದಾಮಾದ?" ಗಾಡಿಯೋ ಅಳಿಯನೋ ಎಂದು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ನಗುತ್ತ ನಗುತ್ತ ಗೋಡೆಯ ಕಡೆ ಮುಖ ತಿರುಗಿಸಿದೆ. ಸಾಹೇಬರು ನಗು ನಿಲ್ಲಿಸಿ, ಯಾರ ಗಾಡಿ ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ಅವರು ಎದ್ದು ತಲೆಯ ಟೊಪ್ಪಿಗೆ ತೆಗೆದು ಆ ಸಣ್ಣ ಗಾಡಿಯನ್ನು ತಾವೇ ನೂಕಿಕೊಂಡು ಒಳಗೆ ಒಯ್ದರು. ಎರಡು ಹೋಳಿಗೆ ನನಗೆ ಕೊಟ್ಟರು, ಎರಡು ತಾವು ಇಟ್ಟುಕೊಂಡರು.

ದೊಡ್ಡ ಗಾಡಿ ತಂದು ಬೀದಿಯಲ್ಲಿ ನಿಲ್ಲಿಸಿ ಒಳಗೆ ಬಂದಾಗ ಅವ್ವ ಅಕ್ಕಿ ಆರಿಸುತ್ತಿದ್ದಳು.

"ಕೊಟ್ಟು ಬಂದಿ?"

ರಿಪೇರಿ ಎಂದು ಹೇಳಿದ್ದನ್ನು ನಾನೇ ಮರೆತು "ಹೂಂ" ಎಂದೆ. ಆಮೇಲೆ ಕೇಳಿದೆ: "ಹಿಡಕಿಗೆ ಮೊಸರು ಯಾಕ ಹಚ್ಚಿದ್ದಿ ಅವ್ವಾ? ಆ ಸಾಹೇಬ ನೆಕ್ಕಿ ನೋಡಿದ."

ಅವ್ವ ನಕ್ಕಳು. ಆ ಕಾಗದ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಮೊರ ಕೆಳಗಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬಹಳ ಹೊತ್ತು ನಕ್ಕಳು.

"ದೂರ ಹೋಗಾವ್ರ ಕೈಮ್ಯಾಲ ಮೊಸರು ಸಕ್ಕರಿ ಹಾಕಿ ಕಳಸ್ತಾರಲ್ಲೋ. ಅಂವ ಲಷ್ಕರಕ್ಕ ಹೊಂಟಾಗ ನನಗ ಸಿಟ್ಟು ಬಂದಿತ್ತು. ಹೊಸ್ತಲದಾಗ ಬಲಗೈ ಚಾಚಿ ನಿಂತಿದ್ದ. ಭಾಳ ಹೊತ್ತ ನಿಂತಿದ್ದ. ನಾ ಹಾಕಲಿಲ್ಲ." ಮೊರದಲ್ಲಿದ್ದ ಒಂದು ಕಲ್ಲು ತೆಗೆದು ಆಚೆ ಎಸೆದಳು. "ಅಂವನ ಕೈ ಇರೂ ಜಾಗಾ ಅಂತ ಆ ಹಿಡಕಿ ಒಂದಽ ಇತ್ತು. ಅದೂ ಹೊಂಟಿತ್ತು."

ಅವ್ವ ಮೆಲ್ಲಗೆ ಕೇಳಿದಳು: "ನೆಕ್ಕಿದಾಂವ ಏನಂದ? ಹುಳಿ ಆಗಿರಲಿಲ್ಲಲ್ಲ?"

"ಇಲ್ಲವ್ವಾ," ಎಂದೆ. "ಸಿಹಿ ಇತ್ತಂತ."